ಪರೀಕ್ಷಾ ಚೌಕಟ್ಟಿನ ತಿರುಳು: ಪರ್ಲ್‌ನಿಂದ ಪಹಣಿಯವರೆಗೆ

ನಂಜನಗೂಡು ತಾಲ್ಲೂಕಿನ ರೈತರೊಬ್ಬರಿಗೆ ಒಂದು ಸರ್ವೆ ನಂಬರಿನಲ್ಲಿ 1 ಎಕರೆ 25 ಗುಂಟೆ, ಪಕ್ಕದ ಹಿಸ್ಸೆಯಲ್ಲಿ 20 ಗುಂಟೆ ಇದೆ ಎನ್ನಿ. ಪಹಣಿಯ ರೂಢಿಯಂತೆ ಚುಕ್ಕೆ ಇಟ್ಟು ಬರೆದರೆ ಅವು 1.25 ಮತ್ತು 0.20. ಓದುವ ತಂತ್ರಾಂಶ ಇವನ್ನು ದಶಮಾಂಶ ಎಂದುಕೊಂಡರೆ ಮೊತ್ತ 1.45 ಆಗುತ್ತದೆ. ಎಕರೆಗೆ 40 ಗುಂಟೆ ಎಂದು ಬಲ್ಲವರು ಹೇಳುವ ಮೊತ್ತ 2 ಎಕರೆ 5 ಗುಂಟೆ. ಇಂಥ ಒಂದು ತಪ್ಪನ್ನು ಹಿಡಿಯಲು ಬರೆದ ಪುಟ್ಟ ಪ್ರೋಗ್ರಾಮೇ ಟೆಸ್ಟ್. ಸಾವಿರಾರು ಟೆಸ್ಟ್‌ಗಳನ್ನು ಹುಡುಕಿ, ಓಡಿಸಿ, ಯಾವುದು ಬಿತ್ತು ಎಂದು ವರದಿ ಕೊಡುವುದು ಚೌಕಟ್ಟು.

ಚೌಕಟ್ಟಿನ ತಿರುಳು ಬಹಳ ಚಿಕ್ಕದಾಗಿ ಶುರುವಾಯಿತು. 1987ರಲ್ಲಿ ಲ್ಯಾರಿ ವಾಲ್ ಪರ್ಲ್ ಭಾಷೆಯ ಮೊದಲ ಆವೃತ್ತಿಯ ಜೊತೆಗೇ ಟೆಸ್ಟ್‌ಗಳನ್ನೂ ಕೊಟ್ಟರು. ಪ್ರತಿ ಟೆಸ್ಟ್ ಕಡತ ಮೊದಲ ಸಾಲಿನಲ್ಲಿ ತನ್ನಲ್ಲಿ ಎಷ್ಟು ಪರೀಕ್ಷೆಗಳಿವೆ ಎಂದು ಹೇಳುತ್ತಿತ್ತು, ಆಮೇಲೆ ಒಂದೊಂದು ಸಾಲಿಗೂ 'ಓಕೆ' ಅಥವಾ 'ನಾಟ್ ಓಕೆ'. ಅಷ್ಟೇ. ಲೆಕ್ಕ ಮೊದಲೇ ಘೋಷಿಸಿದ್ದರಿಂದ, ಪ್ರೋಗ್ರಾಮ್ ನಡುದಾರಿಯಲ್ಲಿ ಸತ್ತರೂ ಗೊತ್ತಾಗುತ್ತಿತ್ತು. ಇದಕ್ಕಿಂತ ಜಾಣತನದ ಎರಡು ಸಾಲು ಈ ಕ್ಷೇತ್ರದಲ್ಲಿ ನನಗೆ ಕಂಡಿಲ್ಲ.

1994ರಲ್ಲಿ ಕೆಂಟ್ ಬೆಕ್ ಸ್ಮಾಲ್‌ಟಾಕ್ ಭಾಷೆಗೆ ಬರೆದ ಚೌಕಟ್ಟು ಇಂದಿಗೂ ಉಳಿದಿರುವ ಅಂಗರಚನೆಯನ್ನು ಕೊಟ್ಟಿತು: ಟೆಸ್ಟ್‌ಗೆ ಮುನ್ನ ಅಣಿಮಾಡುವ ಹಂತ, ಟೆಸ್ಟ್, ಆಮೇಲೆ ತೆರವು ಮಾಡುವ ಹಂತ, ಫಲಿತಾಂಶ ಕೂಡಿಡುವ ಒಂದು ವಸ್ತು. 1997ರಲ್ಲಿ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುತ್ತಿದ್ದ ವಿಮಾನದಲ್ಲಿ ಇದನ್ನೇ ಜಾವಾಕ್ಕೆ ತಂದರು, ಜೆಯೂನಿಟ್ ಹುಟ್ಟಿತು. 2001ರಲ್ಲಿ ಪೈಥಾನ್‌ಗೆ ಅದೇ ಮಾದರಿ ಸೇರಿತು. ಮುಂದೆ ಪೈಟೆಸ್ಟ್ ಬಂದು ಆ ವಿಧಿವಿಧಾನವನ್ನೆಲ್ಲ ಸಡಿಲಿಸಿತು, ಬರಿಯ 'ಅಸರ್ಟ್' ಬರೆದರೆ ಸಾಕು ಎಂದಿತು. 2017ರ ಜೆಯೂನಿಟ್ 5, ಟೆಸ್ಟ್ ಬರೆಯುವ ರೀತಿಯನ್ನೂ ಅದನ್ನು ಓಡಿಸುವ ಯಂತ್ರವನ್ನೂ ಬೇರೆಬೇರೆ ಮಾಡಿತು.

ಇಷ್ಟೆಲ್ಲ ಬೆಳವಣಿಗೆಯಲ್ಲಿ ಹುಡುಕುವುದು, ಓಡಿಸುವುದು, ವರದಿ ಮಾಡುವುದು ಚೆನ್ನಾಗಿ ಸುಧಾರಿಸಿದವು. ಆದರೆ ಎರಡು ಬೆಲೆಗಳು ಸಮ ಎಂದರೆ ಏನು ಎಂಬ ತೀರ್ಮಾನ ಮಾತ್ರ ಭಾಷೆಯ ಸಾದಾ ಹೋಲಿಕೆಗೇ ಉಳಿದುಹೋಯಿತು. ಇಂಗ್ಲಿಷ್ ಹೆಸರುಗಳಿಗೆ ಅದು ಬಹುಮಟ್ಟಿಗೆ ಸಾಲುತ್ತದೆ. ನಮಗೆ ಸಾಲದು. ಕನ್ನಡ ದತ್ತಾಂಶದ ಮೇಲೆ ಕೆಲಸ ಮಾಡುವ ಯಾವ ತಂಡವೂ ಚೌಕಟ್ಟು ಕಟ್ಟುವಾಗ ಮೊದಲು ಕೈಹಾಕಬೇಕಾದ್ದು ಇಲ್ಲಿಗೇ.

'ನರಸೀಪುರ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ 'ಸೀ' ಅಕ್ಷರದ ದೀರ್ಘ ಸ್ವರಚಿಹ್ನೆಗೆ 0CC0 ಎಂಬ ಒಂದೇ ಸಂಕೇತವಿದೆ. ಗುಡಿಸಿನ ಸಂಕೇತದ ಪಕ್ಕ ದೀರ್ಘದ ಸಂಕೇತ ಇಟ್ಟರೂ ಪರದೆಯ ಮೇಲೆ ಅದೇ ರೂಪ. ಮೊದಲ ಬಗೆಯಲ್ಲಿ ಹೆಸರು 7 ಸಂಕೇತ, ಎರಡನೆಯದರಲ್ಲಿ 8. ಹಳೆಯ ನುಡಿ ಫಾಂಟಿನಲ್ಲಿ 'ಸಿ' ಮತ್ತು ದೀರ್ಘ ಎರಡು ಬೇರೆ ತುಣುಕುಗಳು. ಆ ಕಡತಗಳನ್ನು ತುಣುಕಿಗೆ ತುಣುಕು ಎಂಬಂತೆ ಪರಿವರ್ತಿಸಿದರೆ ಸಿಗುವುದು ಎರಡನೆಯ ರೂಪ. ಆಗ ಟೆಸ್ಟ್ ಬೀಳುತ್ತದೆ, ವರದಿಯಲ್ಲಿ 'ಬೇಕಿದ್ದದ್ದು ನರಸೀಪುರ, ಬಂದದ್ದು ನರಸೀಪುರ' ಎಂದು ಕಾಣುತ್ತದೆ. ನೋಡಿದವರು ಟೆಸ್ಟೇ ಕೆಟ್ಟಿದೆ ಎಂದು ಅದನ್ನು ತೆಗೆದುಹಾಕುವುದು ಸಹಜ. 'ನಂಜನಗೂಡು' ಎಂಬ ಹೆಸರಿಗೆ ಈ ತೊಂದರೆಯೇ ಇಲ್ಲ, ಅದರಲ್ಲಿ ಹೀಗೆ ಒಡೆಯಬಹುದಾದ ಸ್ವರಚಿಹ್ನೆ ಯಾವುದೂ ಇಲ್ಲ. ಒಂದು ತಾಲ್ಲೂಕಿನ ದಾಖಲೆಗಳಷ್ಟನ್ನೇ ಇಟ್ಟುಕೊಂಡು ಪರೀಕ್ಷಿಸಿದವರಿಗೆ ದೋಷ ಕಾಣಿಸದೇ ಹೋಗಬಹುದು. ಪರಿಹಾರ ಗೊತ್ತಿರುವಂಥದ್ದೇ: ಹೋಲಿಸುವ ಮುನ್ನ ಎರಡೂ ಬದಿಯನ್ನು ಯೂನಿಕೋಡ್ ನಿಯಮದಂತೆ ಏಕರೂಪಕ್ಕೆ ತರುವುದು, ಟೆಸ್ಟ್ ಬಿದ್ದಾಗ ಅಕ್ಷರಗಳ ಜೊತೆ ಸಂಕೇತಸಂಖ್ಯೆಗಳನ್ನೂ ಮುದ್ರಿಸುವುದು. ಇದು ಪ್ರತಿ ಟೆಸ್ಟ್‌ನಲ್ಲಿ ಇರಬೇಕಾದ್ದಲ್ಲ, ತಿರುಳಿನಲ್ಲಿ ಒಮ್ಮೆ ಇರಬೇಕಾದ್ದು.

ಅಕಾರಾದಿಯದೂ ಇದೇ ಕಥೆ. ನಂಜನಗೂಡು ತಾಲ್ಲೂಕಿನ ಕಳಲೆ, ಕವಲಂದೆ ಎರಡನ್ನೂ ಸಂಕೇತಸಂಖ್ಯೆಯ ಮೇಲೆ ಜೋಡಿಸಿದರೆ ಕಳಲೆ ಮೊದಲು ಬರುತ್ತದೆ, ಏಕೆಂದರೆ ಯೂನಿಕೋಡ್ ಕೋಷ್ಟಕದಲ್ಲಿ 'ಳ' ಇರುವುದು 'ವ'ಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಯದು. ಕವಲಂದೆ ಮೊದಲು ಬರಬೇಕು.

ಗುಂಟೆ ಲೆಕ್ಕಕ್ಕೆ ನೆರವಾಗುವ ಇನ್ನೊಂದು ಕವಲು 2000ದಲ್ಲಿ ಪ್ರಕಟವಾದ ಕ್ವಿಕ್‌ಚೆಕ್. ಕೂನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಅವರ ಈ ಸಾಧನದಲ್ಲಿ ಉದಾಹರಣೆ ಬರೆಯಬೇಕಿಲ್ಲ, ನಿಯಮ ಬರೆದರೆ ಸಾಕು. ಒಂದು ವಿಸ್ತೀರ್ಣಕ್ಕೆ ಇನ್ನೊಂದನ್ನು ಕೂಡಿ ಕಳೆದರೆ ಮೊದಲಿನದೇ ಸಿಗಬೇಕು. ಗುಂಟೆಯ ಅಂಕಿ ಎಂದೂ 40 ಮುಟ್ಟಬಾರದು. ನೂರಾರು ಬೆಲೆಗಳನ್ನು ಯಂತ್ರವೇ ಹುಟ್ಟಿಸಿ ನೋಡುತ್ತದೆ. ದಶಮಾಂಶದ ತಪ್ಪು ಮೊದಲ ನಿಯಮದ ಕಣ್ಣು ತಪ್ಪಿಸಬಹುದು, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದದ್ದೂ ಇದೇ ಕಾಲದ ಆಸುಪಾಸಿನಲ್ಲಿ. ಅಷ್ಟು ದಾಖಲೆಗಳನ್ನು ಓದುವ ಯಾವುದೇ ಹೊಸ ತಂತ್ರಾಂಶಕ್ಕೆ ಕೈಯಿಂದ ಆರಿಸಿದ ಹತ್ತಾರು ಉದಾಹರಣೆಗಳು ಎಲ್ಲಿ ಸಾಕಾದಾವು?

2008ರ ಕುಕುಂಬರ್ ಟೆಸ್ಟ್‌ಗಳನ್ನು ಮಾತಿನ ವಾಕ್ಯಗಳಲ್ಲಿ ಬರೆಯಲು ಬಿಟ್ಟಿತು. ಅದರ ಘರ್ಕಿನ್ ಭಾಷೆಯಲ್ಲಿ ಕನ್ನಡ ಪದಗಳೂ ಇವೆ: ಹಿನ್ನೆಲೆ, ಕಥಾಸಾರಾಂಶ, ಉದಾಹರಣೆಗಳು, ನಂತರ. ಆದರೆ ಸೂಚಕಪದ ಸಾಲಿನ ತಲೆಯಲ್ಲೇ ಬರಬೇಕೆಂಬ ಕಟ್ಟುಪಾಡಿನಿಂದ, ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯಗಳು ಮುರುಟುತ್ತವೆ. ಚೆನ್ನಾಗಿ ಒದಗುವುದು 'ಉದಾಹರಣೆಗಳು' ಎಂಬ ಕೋಷ್ಟಕ. ಮೊದಲ ಹಿಸ್ಸೆ, ಎರಡನೆಯ ಹಿಸ್ಸೆ, ಮೊತ್ತ ಎಂದು ಮೂರು ಅಂಕಣ ಹಾಕಿಕೊಟ್ಟರೆ, ಪ್ರೋಗ್ರಾಮಿಂಗ್ ಗೊತ್ತಿಲ್ಲದ ಭೂಮಾಪಕರೂ ಆಣೆಯವರೆಗಿನ ಲೆಕ್ಕ ಹಾಕಿ ಸಾಲು ತುಂಬಬಲ್ಲರು: ಗುಂಟೆಗೆ 16 ಆಣೆ, ಎಕರೆಗೆ 40 ಗುಂಟೆ. ಸರಿಯುತ್ತರ ಗೊತ್ತಿರುವುದು ಅವರಿಗೆ. ತಿರುಳು ಕಟ್ಟುವವರು ಆ ಕೋಷ್ಟಕವನ್ನು ಓದುವ ಕೆಲಸದಿಂದಲೇ ಶುರು ಮಾಡಬಹುದು.