ಮಗುವಿನ ಮಾತು ಮತ್ತು ಮನೆಯ ಪರಿಸರ

ಹುಟ್ಟಿನಿಂದ ಸುಮಾರು ಐದು ವರ್ಷದವರೆಗಿನ ಮಗುವಿನ ನುಡಿಗಲಿಕೆಯ ಮೇಲೆ ಮನೆಯ ಸ್ಥಿತಿಗತಿ ಬೀರುವ ಪ್ರಭಾವ. ಆದಾಯ, ಹೆತ್ತವರ ಓದು, ದುಡಿಮೆಯ ಹೊತ್ತು, ಮನಸ್ಸಿನ ನೆಮ್ಮದಿ, ಮನೆಮಂದಿ ಆಡುವ ಭಾಷೆಗಳು ಇದರಲ್ಲಿ ಮುಖ್ಯವಾದವು.

ಪದಗಳ ಎಣಿಕೆ: ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅವರ ಅಧ್ಯಯನ. ಅವರ ತಂಡ 42 ಮನೆಗಳಿಗೆ ಸುಮಾರು ಎರಡೂವರೆ ವರ್ಷ ಪ್ರತಿ ತಿಂಗಳೂ ಹೋಗಿ ಒಂದೊಂದು ಗಂಟೆಯ ಮಾತನ್ನು ದಾಖಲಿಸಿತು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಉನ್ನತ ವೃತ್ತಿಯವರ ಮನೆಯ ಮಗು ಗಂಟೆಗೆ ಸರಾಸರಿ 2,153 ಪದ ಕೇಳುತ್ತಿತ್ತು. ಸರ್ಕಾರದ ನೆರವಿನಿಂದ ಬದುಕುವ ಮನೆಯ ಮಗು 616. ಮೂರನೆಯ ವಯಸ್ಸಿಗೆ ಮಕ್ಕಳು ಆಡಿದ ಪದಗಳಲ್ಲೂ ಅಂತರವಿತ್ತು: ಮೊದಲ ಗುಂಪಿನಲ್ಲಿ 1,116, ಕೊನೆಯದರಲ್ಲಿ 525.

ಆಕ್ಷೇಪಗಳು: ಕೊನೆಯ ಗುಂಪಿನಲ್ಲಿದ್ದದ್ದು ಆರೇ ಮನೆಗಳು. ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾಯಿಯೊಬ್ಬಳ ಮಾತನ್ನಷ್ಟೇ ಅಲ್ಲದೆ ಅಣ್ಣ, ಅಕ್ಕ, ಅಜ್ಜಿಯಂಥವರ ಮಾತನ್ನೂ ಮಗುವಿನ ಸುತ್ತ ನಡೆಯುವ ಸಂಭಾಷಣೆಯನ್ನೂ ಎಣಿಸಿದರು. ಆಗ ಬಡವರ ಮನೆಗಳಲ್ಲೇ ಒಂದರಿಂದ ಒಂದಕ್ಕೆ ಬಹಳ ವ್ಯತ್ಯಾಸ ಕಂಡಿತು. ಬಡತನವೆಂದರೆ ಮಾತಿನ ಬಡತನ ಎಂದು ತೀರ್ಪು ಕೊಡುವುದು ತಪ್ಪು.

ಮಾತಿನ ಕೊಡುಕೊಳ್ಳು: ಕಿವಿಗೆ ಬಿದ್ದ ಪದಗಳ ಲೆಕ್ಕಕ್ಕಿಂತ ಮಗುವಿನೊಡನೆ ನಡೆಯುವ ಮಾತುಕತೆ ಹೆಚ್ಚಿನದು. ಜಗಲಿಯಲ್ಲಿ ತುತ್ತು ತಿನ್ನುತ್ತಿರುವ ಮಗು ಬೆರಳು ತೋರಿಸಿ "ಕಾಕಾ" ಎನ್ನುತ್ತದೆ. "ಹೂಂ ಪುಟ್ಟಾ, ಕಾಗೆ. ಏನ್ ತಿಂತಿದೆ ಅದು?" ಎಂದು ಅಜ್ಜಿ ಕೇಳಿ, ಉತ್ತರಕ್ಕೆ ಕಾಯುತ್ತಾಳೆ. "ಮಮ್ಮು" ಎನ್ನುತ್ತದೆ ಮಗು. ಆ ಕಾಯುವಿಕೆಯಲ್ಲೇ ಮಗುವಿಗೆ ಮಾತಾಡುವ ಸರದಿ ಸಿಗುತ್ತದೆ. ಪೆಟ್ರೀಷಿಯಾ ಕೂಲ್ ಅವರ ತಂಡದ 2003ರ ಪ್ರಯೋಗದಲ್ಲಿ, ಎದುರು ಕೂತು ಚೀನೀ ಭಾಷೆ ಆಡಿದವರಿಂದ ಅಮೆರಿಕದ ಒಂಬತ್ತು ತಿಂಗಳ ಕೂಸುಗಳು ಅದರ ಧ್ವನಿಭೇದ ಕಲಿತವು; ಅದೇ ಮಾತನ್ನು ಪರದೆಯಲ್ಲಿ ನೋಡಿದವು ಕಲಿಯಲಿಲ್ಲ.

ಅಡ್ಡಿಗಳು: ಎರಡು ಪಾಳಿ ದುಡಿಯುವ ತಂದೆ, ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಿ, ಸಾಲದ ಚಿಂತೆ ಇವೆಲ್ಲ ಮಗುವಿಗೆ ಸಿಗುವ ಮರುಮಾತನ್ನು ಕಡಿಮೆ ಮಾಡುತ್ತವೆ. ಕೈ ಬರಿದಾಗುವ ತಿಂಗಳ ಕೊನೆಯಲ್ಲಿ ಹೆತ್ತವರು ಮತ್ತು ಮಕ್ಕಳ ನಡುವಿನ ಮಾತುಕತೆ ತಗ್ಗುವುದನ್ನು ಅಮೆರಿಕದ ಸಂಶೋಧಕರು ಗುರುತಿಸಿದ್ದಾರೆ.

ಕರ್ನಾಟಕದಲ್ಲಿ: ತುಳು, ಕೊಂಕಣಿ, ಕೊಡವ ಅಥವಾ ದಖನಿ ಉರ್ದು ಮನೆಮಾತಾಗಿ ಬೀದಿಯಲ್ಲಿ ಕನ್ನಡ ಕೇಳುವ ಮಕ್ಕಳು ಇಲ್ಲಿ ಬಹಳ. ಎರಡು ಭಾಷೆಗಳ ನಡುವೆ ಬೆಳೆಯುವುದು ಮಾತಿನ ತೊಡಕಿಗೆ ಕಾರಣವಲ್ಲ. ಮನೆಮಾತನ್ನು ಬಿಡಿಸುವ ಅಗತ್ಯವೂ ಇಲ್ಲ. ಹೆತ್ತವರು ಕೂಲಿಗೆ ಹೋದಾಗ ಮಗುವಿಗೆ ಜೊತೆಯಾಗಬಲ್ಲದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಭಾಗ ಅದು. ಅಲ್ಲಿ ಹಾಡು, ಕಥೆಗಳಿಗೆ ಕೊಡುವ ಹೊತ್ತು ಊಟದಷ್ಟೇ ಅಗತ್ಯ. ಹೆಚ್ಚು ಮಾತಾಡಿ ಎಂದು ತಾಯಿಗೆ ಬುದ್ಧಿ ಹೇಳಿದರೆ ಸಾಲದು. ಅಜ್ಜಿಯಂತೆ ಕೂತು ಕಾಯಲು ಅವಳಿಗೂ ಬಿಡುವು ಸಿಗಬೇಕು.