ಹದಿನಾರಕ್ಕೆ ಒಂದು: ಬಿದ್ರಿಯ ಕಪ್ಪು ಬರೀ ಮಣ್ಣಿನದಲ್ಲ

 

ಇವತ್ತಿನ ಕಂತು ಬಿದ್ರಿ ಬಗ್ಗೆ. "ಅದೇನ್ರಿ, ಗೊತ್ತಿರೋದೇ" ಅನ್ಬೇಡ್ರಿ. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದೋರು ಬಿದ್ರಿ ಅಂದ ಕೂಡಲೇ ಎರಡು ಸಾಲು ಹೇಳ್ತಾರೆ. ಒಂದು, ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಎರಡು, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರುತ್ತದೆ. ಎರಡೂ ಸುಳ್ಳಲ್ಲ. ಆದರೆ ಇವೆರಡನ್ನೇ ಹಿಡ್ಕೊಂಡು ಕೂತರೆ ನಾವು ಒಬ್ಬರನ್ನು ಮರೆತುಬಿಡ್ತೀವಿ. ಅವರು ಯಾರು ಅನ್ನೋದು ಹೇಳೋಕೆ ನನಗೆ ಒಂದು ಚಿತ್ರ ಬೇಕು. ಅದರ ಹೆಸರು ಫೇಸ್ ಡಯಾಗ್ರಾಂ. ಕನ್ನಡದ ಪುಸ್ತಕದಲ್ಲಿ ಪ್ರಾವಸ್ಥಾ ನಕ್ಷೆ ಅಂತ ಬರೆಯಬಹುದು. ನಾನು ಬರೀ ನಕ್ಷೆ ಅಂತೀನಿ.

ನಾನು ಭಾಲ್ಕಿಯವಳು, ಓದಿದ್ದು ಬಿ.ಕಾಂ. ನಮ್ಮ ಬ್ರೇಕ್-ಈವನ್ ಚಾರ್ಟ್ ಇರುತ್ತಲ್ಲ, ಎರಡು ಗೆರೆ ಎಲ್ಲಿ ಕೂಡುತ್ತವೆ ನೋಡು, ಅಲ್ಲಿಂದ ಈಚೆ ನಷ್ಟ, ಆಚೆ ಲಾಭ. ಈ ನಕ್ಷೆಯೂ ಅದೇ ಜಾತಿಯದು. ಕೆಳಗಿನ ಅಡ್ಡ ಗೆರೆಯ ಮೇಲೆ ಎರಡು ಲೋಹದ ಪಾಲು: ಎಡ ತುದಿಗೆ ಪೂರ್ತಿ ತಾಮ್ರ, ಬಲ ತುದಿಗೆ ಪೂರ್ತಿ ಸತು, ನಡುವೆ ಎಲ್ಲಾ ಮಿಶ್ರಣಗಳು. ನಿಂತ ಗೆರೆಯ ಮೇಲೆ ಉಷ್ಣಾಂಶ. ಯಾವ ಪಾಲು, ಎಷ್ಟು ಬಿಸಿ ಅಂತ ಎರಡು ಸಂಖ್ಯೆ ಕೊಟ್ಟರೆ ಸಾಕು, ಆ ಲೋಹ ಅಲ್ಲಿ ನೀರಾಗಿದೆಯೋ, ಗಟ್ಟಿಯಾಗಿದೆಯೋ, ಗಟ್ಟಿಯಾಗಿದ್ದರೆ ಒಳಗೆ ಎಷ್ಟು ಬಗೆಯ ಹರಳುಗಳಿವೆಯೋ ನಕ್ಷೆ ಹೇಳುತ್ತದೆ.

ಒಂದು ಸುಲಭದ ಉದಾಹರಣೆ. ಭಾಲ್ಕಿ ಬಜಾರಿನ ಯಾವುದೇ ಮೊಬೈಲ್ ರಿಪೇರಿ ಅಂಗಡಿಗೆ ಹೋಗ್ರಿ. ಅಲ್ಲಿ ಸೋಲ್ಡರ್ ತಂತಿ ಇರುತ್ತದೆ. ಹಳೇ ಬಗೆಯ ತಂತಿ ತವರ ಮತ್ತು ಸೀಸದ ಮಿಶ್ರಣ. ತವರ ಕರಗೋದು 232 ಡಿಗ್ರಿಗೆ, ಸೀಸ 327ಕ್ಕೆ. ಹಂಗಾದ್ರೆ ಮಿಶ್ರಣ ಇವೆರಡರ ನಡುವೆ ಎಲ್ಲೋ ಕರಗಬೇಕಲ್ಲ? ಇಲ್ಲ. ತವರ 62, ಸೀಸ 38ರ ಹತ್ತಿರ ಇಟ್ಟರೆ ಅದು 183 ಡಿಗ್ರಿಗೇ ಕರಗುತ್ತದೆ, ಎರಡೂ ಲೋಹಕ್ಕಿಂತ ಕಡಿಮೆಗೆ. ಸರಾಸರಿ ಲೆಕ್ಕ ಇಲ್ಲಿ ನಡೆಯಲ್ಲ. ಎರಡು ಲೋಹ ಕೂಡಿದಾಗ ಏನಾಗುತ್ತದೆ ಅನ್ನೋದನ್ನ ಊಹೆ ಮಾಡೋಕೆ ಆಗಲ್ಲ, ಕರಗಿಸಿ ನೋಡಲೇಬೇಕು.

ವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಅಮೆರಿಕದ ಜೋಸಯ್ಯ ವಿಲ್ಲರ್ಡ್ ಗಿಬ್ಸ್ 1876-78ರಲ್ಲಿ ಇದರ ಗಣಿತ ಬರೆದರು. ಬ್ರಿಟನ್ನಿನ ರಾಬರ್ಟ್ಸ್-ಆಸ್ಟೆನ್ 1897ರಲ್ಲಿ ಕಬ್ಬಿಣ-ಇಂಗಾಲದ ನಕ್ಷೆ ಕೊಟ್ಟರು. ತಾಮ್ರ-ಸತುವಿನ ಪೂರ್ತಿ ನಕ್ಷೆಯನ್ನ ಶೆಫರ್ಡ್ ಅನ್ನೋ ವಿಜ್ಞಾನಿ ಪ್ರಕಟಿಸಿದ್ದು 1904ರಲ್ಲಿ. ಕೆಲಸದ ರೀತಿ ಹಿಂಗಿತ್ತು: ಒಂದು ಪಾಲಿನ ಮಿಶ್ರಣ ಕರಗಿಸೋದು, ನಿಧಾನಕ್ಕೆ ಆರೋಕೆ ಬಿಡೋದು, ಉಷ್ಣಾಂಶ ಬರೀತಾ ಹೋಗೋದು. ಒಳಗೆ ಏನಾದರೂ ಗಟ್ಟಿಯಾಗೋಕೆ ಶುರುವಾದರೆ ಆರುವ ವೇಗ ಕಡಿಮೆ ಆಗುತ್ತದೆ. ಅಲ್ಲೊಂದು ಚುಕ್ಕೆ. ಮುಂದಿನ ಮಿಶ್ರಣ, ಮತ್ತೊಂದು ಚುಕ್ಕೆ. ಚುಕ್ಕೆ ಕೂಡಿಸಿದರೆ ಗೆರೆ.

ಈಗ ಬೀದರಿಗೆ ಬರೋಣ. 1430ರ ಆಸುಪಾಸು ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನ ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕಡೆಯಿಂದ ಪಂಡಿತರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇವತ್ತಿಗೂ ನಿಂತಿದೆ. ಬಿದ್ರಿ ಬೇರು ಈ ಕಾಲದ್ದು ಅಂತ ಊರಿನ ನಂಬಿಕೆ. ಮ್ಯೂಸಿಯಂಗಳಲ್ಲಿ ಉಳಿದಿರೋ ಅತಿ ಹಳೇ ಸಾಮಾನುಗಳು 16ನೇ ಶತಮಾನದ ಕೊನೆ, 17ನೇ ಶತಮಾನದವು: ಹುಕ್ಕಾದ ಬುಡ, ಪಾನ್‌ದಾನ್, ಹೂಜಿ, ತಟ್ಟೆ. ಹೆಂಗೆ ಎಣಿಸಿದರೂ ಶೆಫರ್ಡ್ ನಕ್ಷೆಗಿಂತ ಮುನ್ನೂರು ವರ್ಷ ಹಿಂದೆ.

ಇಲ್ಲಿ ಸತುವಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಹಿರಿಯರು ಜಸ್ತ ಅಂತಾರೆ. ತಾಮ್ರ ಮನುಷ್ಯನಿಗೆ ಸಾವಿರಾರು ವರ್ಷದಿಂದ ಗೊತ್ತು. ಸತು ಹಂಗಲ್ಲ. ಅದು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆದರೆ ಅದಿರಿನಿಂದ ಬಿಡಿಸೋಕೆ ಅದಕ್ಕಿಂತ ಹೆಚ್ಚು ಬಿಸಿ ಬೇಕು. ಅಂದರೆ ಕುಲುಮೆಯಲ್ಲಿ ಸತು ಹುಟ್ಟುವಾಗಲೇ ಆವಿ, ಗಾಳಿ ತಾಗಿದರೆ ಸುಟ್ಟು ಬಿಳಿ ಬೂದಿ. ಆ ಆವಿಯನ್ನ ಗಾಳಿ ತಾಗದಂತೆ ಕೆಳಗಿಳಿಸಿ ತಣಿಸುವ ವಿದ್ಯೆ ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್‌ನಲ್ಲಿ ಬೆಳೆಯಿತು, ಅದೂ ಬಹಮನಿಗಳ ಕಾಲಕ್ಕೆ ದೊಡ್ಡ ಪ್ರಮಾಣದಲ್ಲೇ ನಡೆದಿತ್ತು. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಸತು ತೆಗೆಯೋಕೆ ಪೇಟೆಂಟ್ ಪಡೆದಿದ್ದು 1738ರಲ್ಲಿ. ಅಷ್ಟರೊಳಗೆ ಬೀದರಿನ ಕಾರೀಗರರು ತಲೆಮಾರುಗಳಿಂದ ಈ ಲೋಹವನ್ನ ಮೂಸೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಬೆಳ್ಳಿ ಕೂರಿಸಿ ಮಾರುತ್ತಿದ್ದರು.

ಈಗ ನಕ್ಷೆಯ ಬಲ ಮೂಲೆ ನೋಡ್ರಿ, ಸತುವಿನ ಮೂಲೆ. ಶುದ್ಧ ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ. ಸೋಲ್ಡರ್ ಕಥೆ ಇಲ್ಲಿ ಉಲ್ಟಾ. ಸತುವಿಗೆ ತಾಮ್ರ ಸೇರಿಸ್ತಾ ಹೋದಂಗೆ ಪೂರ್ತಿ ಕರಗೋ ಬಿಸಿ ಮೇಲೇರುತ್ತದೆ. ಹದಿನಾರಕ್ಕೆ ಒಂದು ಅಂದರೆ ನೂರಕ್ಕೆ 5.9 ತಾಮ್ರ. ಅದಕ್ಕೆ 500ರ ಆಸುಪಾಸು ಬೇಕು. ಆದರೂ ಇದು ಸಣ್ಣ ಕುಲುಮೆಗೆ ನಿಲುಕೋ ಬಿಸಿಯೇ. ಶುದ್ಧ ತಾಮ್ರಕ್ಕೆ 1,085 ಬೇಕು.

ಕರಗಿದ್ದು ಆರಿ ಗಟ್ಟಿಯಾದ ಮೇಲೆ ಏನು? ಗಟ್ಟಿಯಾದ ಸತು ತನ್ನೊಳಗೆ ತಾಮ್ರವನ್ನ ಹೆಚ್ಚು ಇಟ್ಟುಕೊಳ್ಳಲ್ಲ. 425 ಡಿಗ್ರಿ ಹತ್ತಿರ ನೂರಕ್ಕೆ 2.7, ಆರಿದಂಗೆ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ತಾಮ್ರ ಹಾಕಿದರೆ ಒಳಗೆ ಎರಡನೇ ಬಗೆಯ ಹರಳು ಕಾಣಿಸಿಕೊಳ್ಳುತ್ತದೆ. ಅದರಲ್ಲಿ ತಾಮ್ರ ಜಾಸ್ತಿ, ಅದು ಗಟ್ಟಿಯೂ ಜಾಸ್ತಿ. ಮೊದಲಿನದಕ್ಕೆ ಈಟಾ, ಎರಡನೆಯದಕ್ಕೆ ಎಪ್ಸಿಲಾನ್ ಅಂತ ಗ್ರೀಕ್ ಹೆಸರು ಇಟ್ಟಿದ್ದಾರೆ. ನೂರಕ್ಕೆ 2.7ರಿಂದ ಸುಮಾರು 13 ತಾಮ್ರದವರೆಗೆ ಇವೆರಡೂ ಒಟ್ಟಿಗೆ ಇರುತ್ತವೆ.

ಒಟ್ಟಿಗೆ ಅಂದರೆ ಹೆಂಗೆ? ನಮ್ಮ ಔರಾದ್ ಹಂಗೆ. ಭಾಲ್ಕಿಯಿಂದ ಉತ್ತರಕ್ಕೆ, ಔರಾದ್ ದಾಟಿ ಮಹಾರಾಷ್ಟ್ರದ ಗಡಿ ಕಡೆ ಹೋಗ್ರಿ. ಕನ್ನಡ ಒಂದು ಕಡೆ ಪಟಕ್ಕಂತ ನಿಂತು ಮರಾಠಿ ಶುರುವಾಗಲ್ಲ. ಒಂದೇ ಸಂತೆಯಲ್ಲಿ ಎರಡೂ ಇರುತ್ತವೆ. ಗಡಿ ಹತ್ತಿರವಾದಂಗೆ ಒಂದು ಹೆಚ್ಚು, ಇನ್ನೊಂದು ಕಡಿಮೆ. ಆದರೆ ಕನ್ನಡ ಕನ್ನಡವೇ, ಮರಾಠಿ ಮರಾಠಿಯೇ. ನಕ್ಷೆಯಲ್ಲಿ ಇಂಥ ಜಾಗಕ್ಕೆ ಎರಡು ಪ್ರಾವಸ್ಥೆಯ ವಲಯ ಅಂತಾರೆ.

ಯಾವುದು ಎಷ್ಟಿದೆ ಅನ್ನೋ ಲೆಕ್ಕ ಕಾಮರ್ಸ್‌ನವರಿಗೆ ಗೊತ್ತಿರೋ ಮಿಶ್ರಣದ ಲೆಕ್ಕವೇ, ಎರಡು ದರದ ಅಕ್ಕಿ ಕಲಸಿದ ಹಂಗೆ. ಒಂದು ಹರಳಿನಲ್ಲಿ ತಾಮ್ರ 2.7, ಇನ್ನೊಂದರಲ್ಲಿ 13, ಕಲಸಿದ್ದು 5.9. 5.9ರಿಂದ 2.7 ಕಳೆದರೆ 3.2. 13ರಿಂದ 2.7 ಕಳೆದರೆ 10.3. ಭಾಗಿಸಿದರೆ ಸುಮಾರು 0.31. ಅಂದರೆ ಗಟ್ಟಿಯಾದ ತಕ್ಷಣ, ಹದಿನಾರಕ್ಕೆ ಒಂದರ ಬಿದ್ರಿಯಲ್ಲಿ ಹೆಚ್ಚು-ಕಡಿಮೆ ಮೂರರಲ್ಲೊಂದು ಪಾಲು ಆ ಗಟ್ಟಿ ಹರಳು, ಉಳಿದದ್ದು ಮೆತ್ತಗಿನ ಸತು.

ಈಗ ಅಸಲಿ ವಿಷಯ. 16:1 ಅನ್ನೋದು ಒಂದೇ ಪಾಕ ಅಲ್ಲ. ಲಾಲ್‌ಬಾಗ್ ಜೊತೆ ಹೆಸರು ಸೇರಿರೋ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನ್ 19ನೇ ಶತಮಾನದ ಆರಂಭದಲ್ಲಿ ಬಿದ್ರಿಯ ಪಾಕ ಬರೆದಿಟ್ಟರು: ತಾಮ್ರ 16 ಔನ್ಸ್, ಸೀಸ 4, ತವರ 2 ಕಲಸಿ, ಆ ಕಲಸಿದ್ದರ ಪ್ರತಿ 3 ಔನ್ಸ್‌ಗೆ 16 ಔನ್ಸ್ ಸತು. ಲೆಕ್ಕ ಹಾಕಿದರೆ ತಾಮ್ರ ನೂರಕ್ಕೆ ಸುಮಾರು 11.5. ಅದೇ ಕಾಲದಲ್ಲಿ ಫ್ರಾನ್ಸಿಸ್ ಬುಕಾನನ್ ಇನ್ನೊಂದು ಪಾಕ ದಾಖಲಿಸಿದರು. ಟಿಪ್ಪು ನಂತರ ಮೈಸೂರು ಸೀಮೆ ಸುತ್ತಿ ಪುಸ್ತಕ ಬರೆದರಲ್ಲ, ಅವರೇ. ಅವರ ಪಾಕದಲ್ಲಿ ಸತು 12,360 ಗ್ರೇನ್, ತಾಮ್ರ 460, ಸೀಸ 414. ಇಲ್ಲಿ ತಾಮ್ರ ನೂರಕ್ಕೆ 3.5 ಮಾತ್ರ. ಲೋಹ ಗಾಳಿಗೆ ಸುಡದಂಗೆ ಮೂಸೆಯೊಳಗೆ ರಾಳ, ಜೇನುಮೇಣ ಹಾಕ್ತಿದ್ದರು ಅಂತಲೂ ಬರೆದಿದ್ದಾರೆ.

3.5, 5.9, 11.5. ಪುಸ್ತಕದಲ್ಲಿ ನೋಡಿದರೆ ಮೂರು ಬೇರೆ ಬೇರೆ ಪಾಕ, ಯಾವುದು ಸರಿ ಅಂತ ಜಗಳ ಮಾಡಬಹುದು. ನಕ್ಷೆಯ ಮೇಲೆ ಇಟ್ಟು ನೋಡ್ರಿ: ಮೂರೂ 2.7 ಮತ್ತು 13ರ ನಡುವೆ ಬೀಳುತ್ತವೆ. ಮೂರೂ ಒಂದೇ ವಲಯ. ಲಂಡನ್ನಿನ ಮ್ಯೂಸಿಯಂಗಳಲ್ಲಿ ಹಳೇ ಬಿದ್ರಿಯನ್ನ ಪರೀಕ್ಷಿಸಿದಾಗಲೂ ತಾಮ್ರದ ಪಾಲು ಒಂದೊಂದರಲ್ಲಿ ಒಂದೊಂದು, ಆದರೆ ಬಹುತೇಕ ಇದೇ ಹದ್ದಿನೊಳಗೆ. ಹಂಗಾಗಿ ಕಾರೀಗರರು ಕಾಪಾಡಿಕೊಂಡು ಬಂದಿದ್ದು ಒಂದು ಸಂಖ್ಯೆಯನ್ನಲ್ಲ, ಒಂದು ಹದವನ್ನ.

ಹದ ಯಾಕೆ ಬೇಕು? ತಾಮ್ರ ತೀರಾ ಕಡಿಮೆಯಾದರೆ ಬಣ್ಣ ಬರಲ್ಲ. ಬರೀ ಸತುವಿಗೆ ಅದೇ ಲೇಪ ಹಚ್ಚಿದರೆ ಬಿದ್ರಿಯ ಆಳವಾದ ಕಪ್ಪು ಸಿಗಲ್ಲ. ಮೇಲ್ಮೈಯಲ್ಲಿರೋ ತಾಮ್ರವೇ ಕಪ್ಪಿಗೆ ಕಾರಣ. ತಾಮ್ರ ಜಾಸ್ತಿಯಾದರೆ ಕರಗಿಸೋ ಬಿಸಿ ಏರುತ್ತದೆ, ಗಟ್ಟಿ ಹರಳು ಹೆಚ್ಚಿ ಉಳಿಯಿಂದ ಕೆತ್ತೋದು ಕಷ್ಟ. ಇನ್ನೂ ಎಡಕ್ಕೆ, ಮೂರರಲ್ಲೊಂದು ಪಾಲಿಗಿಂತ ತಾಮ್ರ ಹೆಚ್ಚಿರೋ ಕಡೆ ಹೋದರೆ ಪೆಟ್ಟು ಬಿದ್ದರೆ ಒಡೆಯೋ ಮಿಶ್ರಣ ಸಿಗುತ್ತದೆ. ಅದನ್ನೂ ದಾಟಿ ತಾಮ್ರ 70, ಸತು 30ರ ಹತ್ತಿರ ಹೋದರೆ ನಮ್ಮ ಮನೆಯ ಹಳದಿ ಹಿತ್ತಾಳೆ ಕೊಡ. ಕೊಡವೂ ಬಿದ್ರಿಯೂ ಒಂದೇ ನಕ್ಷೆಯ ಎರಡು ದಿಕ್ಕು.

ಹಾಗಾದ್ರೆ ಮಣ್ಣು? ಮಣ್ಣಿಗೂ ಕೆಲಸ ಇದೆ. ಚೌಬಾರಾ ಸುತ್ತಲಿನ ಹಳೇ ಪೇಟೆಯ ಅಂಗಡಿಗಳಲ್ಲಿ ಕೆಲಸ ಹಿಂಗೆ ನಡೆಯುತ್ತದೆ. ಅಚ್ಚಿನಿಂದ ತೆಗೆದದ್ದನ್ನ ಅರದಿಂದ ಉಜ್ಜಿ ನಯ ಮಾಡ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಮಾಡ್ತಾರೆ, ಕೆತ್ತಿದ ಗೆರೆ ಬಿಳಿಯಾಗಿ ಕಾಣಲಿ ಅಂತ. ಕೆತ್ತಿದ ಜಾಗಕ್ಕೆ ಬೆಳ್ಳಿ ತಂತಿ, ಬೆಳ್ಳಿ ತಗಡು ಬಡಿದು ಕೂರಿಸ್ತಾರೆ. ಮತ್ತೆ ಉಜ್ಜಿ, ಸ್ವಲ್ಪ ಬಿಸಿ ಮಾಡಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪ. ಈ ಮಣ್ಣು ಬಿಸಿಲು-ಮಳೆ ಬೀಳದ ಜಾಗದ್ದು. ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸ್ತಾರೆ. ಅದರಲ್ಲಿರೋ ನೈಟ್ರೇಟ್ ಲವಣಗಳು ನವಸಾಗರದ ಜೊತೆ ಸೇರಿ ಮೇಲಿನ ಪದರದ ಮೇಲೆ ಕೆಲಸ ಮಾಡುತ್ತವೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಆದರೆ ಒಂದು ಮಾತು ಯೋಚನೆ ಮಾಡ್ರಿ. ಬಿದ್ರಿ ಕೆಲಸ ಲಖನೌದಲ್ಲೂ ನಡೆದಿದೆ, ಬಿಹಾರದ ಪೂರ್ಣಿಯಾದಲ್ಲೂ ನಡೆದಿದೆ. ಅಲ್ಲಿ ಬೀದರ್ ಕೋಟೆ ಇಲ್ಲ. ಆ ಕಡೆ ಲವಣಗಳನ್ನೇ ಕಲಸಿ ಲೇಪ ಮಾಡಿದರು, ಅವರ ಸಾಮಾನೂ ಕಪ್ಪೇ. ಎಲ್ಲಾ ಕಡೆ ಸಮಾನವಾಗಿದ್ದದ್ದು ಸತುವಿನ ಮೂಲೆಯ ಆ ಮಿಶ್ರಣ. ನಮ್ಮ ಮಣ್ಣು ಒಳ್ಳೇದು, ಅದು ನಮ್ಮ ಹೆಮ್ಮೆ. ಆದರೆ ಕಪ್ಪು ಬಣ್ಣ ಮಣ್ಣಿನಲ್ಲಿ ಕೂತಿಲ್ಲ. ಲೋಹ ಸರಿಯಾಗಿ ಕೂಡಿಸಿದ್ದರೆ ಮಾತ್ರ ಮಣ್ಣು ಅದನ್ನ ಹೊರಗೆ ತರುತ್ತದೆ.

ನಾನು ಇದಕ್ಕೆ ಇಷ್ಟು ಒತ್ತು ಕೊಡೋಕೆ ಕಾರಣ ಅದ. "ಕೋಟೆಯ ಮಣ್ಣಿನ ಪವಾಡ" ಅಂದಾಗ ಕೇಳೋಕೆ ಚೆಂದ. ಆದರೆ ಮಣ್ಣಿಗೆ ಯಾರೂ ಕೂಲಿ ಕೊಡಬೇಕಿಲ್ಲ. ಕೂಲಿ ಬೇಕಿರೋದು ಮೂಸೆಯ ಮುಂದೆ ಕೂತವರಿಗೆ. ಶ್ರೇಯ ಪೂರ್ತಿ ಮಣ್ಣಿಗೆ ಹೋದರೆ ಹೂದಾನಿಯ ರೇಟಿನಲ್ಲಿ ನಾವು ಬೆಳ್ಳಿಯ ತೂಕ ನೋಡ್ತೀವಿ, ಕೈಯ ವಿದ್ಯೆಯನ್ನ ಲೆಕ್ಕಕ್ಕೆ ಹಿಡಿಯಲ್ಲ. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ಒಂದು ಕಸುಬು ಒಂದು ಪದಕದ ಮೇಲೆ ನಡೆಯಲ್ಲ, ಮುಂದಿನ ಹುಡುಗ-ಹುಡುಗಿ ಆ ಕುಲುಮೆ ಮುಂದೆ ಕೂತರೆ ನಡೆಯುತ್ತದೆ.

"ನಕ್ಷೆ ಬಂತಲ್ಲ, ಇನ್ನು ಪಾಕ ಫೋನಲ್ಲೇ ಸಿಗುತ್ತೆ, ಕಾರೀಗರ ಯಾಕೆ ಬೇಕು?" ಅಂತ ಯಾರಾದರೂ ಕೇಳಬಹುದು. ನಕ್ಷೆಗೂ ಮಿತಿ ಇದೆ. ಅದು ಎರಡೇ ಲೋಹದ್ದು, ತೀರಾ ನಿಧಾನಕ್ಕೆ ಆರಿದಾಗಿನದು. ಅಚ್ಚಿನಲ್ಲಿ ಲೋಹ ಬೇಗ ಆರುತ್ತದೆ. ಜೊತೆಗೆ ಸೀಸ, ತವರವೂ ಇರಬಹುದು. ಸೀಸವಂತೂ ಗಟ್ಟಿ ಸತುವಿನಲ್ಲಿ ಬೆರೆಯೋದೇ ಇಲ್ಲ, ಸಣ್ಣ ಹನಿಗಳಾಗಿ ಬೇರೆಯೇ ನಿಲ್ಲುತ್ತದೆ. ಯಾವಾಗ ಹೊಯ್ಯಬೇಕು, ಎಷ್ಟು ಬಿಸಿ ಇದ್ದಾಗ ಲೇಪ ಹಚ್ಚಬೇಕು, ಉಳಿ ಎಷ್ಟು ಒತ್ತಬೇಕು, ಇದ್ಯಾವುದೂ ನಕ್ಷೆಯಲ್ಲಿ ಬರೆದಿಲ್ಲ. ಆ ಹದ ಯಾಕೆ ಸರಿ ಅಂತ ನಕ್ಷೆ ಹೇಳುತ್ತದೆ. ಹದ ಹಿಡಿಯೋದು ಕೈ.

ಮುಗಿಸೋ ಮುಂಚೆ ಒಂದು ಉಪಯೋಗದ ಮಾತು. ಬೀದರ್, ಭಾಲ್ಕಿ, ಔರಾದ್ ಕಡೆ ಎಷ್ಟೋ ಮನೆಗಳಲ್ಲಿ ಮದುವೆಗೆ ಬಂದ ಬಿದ್ರಿ ಹೂದಾನಿಯೋ ಪೆಟ್ಟಿಗೆಯೋ ಶೋಕೇಸಿನಲ್ಲಿ ಕೂತಿರುತ್ತದೆ. ಹಬ್ಬ ಬಂತಂತ ಅದನ್ನ ಹಿತ್ತಾಳೆ ಹಂಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡ್ರಿ. ಆ ಕಪ್ಪು ಮೇಲಿನ ತೆಳು ಪದರ ಅಷ್ಟೇ, ತಿಕ್ಕಿದರೆ ಹೋಗುತ್ತದೆ. ಮೆತ್ತಗಿನ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಹೊಸದು ಕೊಳ್ಳೋಕೆ ಹೋದರೆ ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳ್ರಿ: "ಇದನ್ನ ಎರಕ ಹೊಯ್ದವರು ಯಾರ್ರಿ, ಕೆತ್ತಿದವರು ಯಾರ್ರಿ?"

ಮುಂದಿನ ಕಂತಿನಲ್ಲಿ ಸಿಗೋಣ. ಬರ್ತೀನ್ರಿ.