ಹೆಸರು ಬದಲಿಸಿದ ಹಡಗು



ಮುಂಬಯಿಯ ಮೆರೀನ್ ಡ್ರೈವ್ ಕಟ್ಟೆಯ ಮೇಲೋ ಚೆನ್ನೈನ ಮರೀನಾ ಮರಳಿನ ಮೇಲೋ ಕುಳಿತು, ದೂರದಲ್ಲಿ ಚುಕ್ಕಿಯಂತೆ ಕಾಣುವ ಹಡಗುಗಳನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದೀರಿ. ಅದು ಯಾರ ಹಡಗು, ಅದರ ಮೈಮೇಲೆ ಬರೆದ ಹೆಸರು ನಿಜವಾದದ್ದೇ ಎಂದು ನಾವು ಕೇಳುವುದಿಲ್ಲ. 1999ರ ನವೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಸಾಗುತ್ತಿದ್ದ ಒಂದು ಹಡಗಿನ ಬಗ್ಗೆ ಯಾರೋ ಹಾಗೆ ಕೇಳಿದರು. ಆ ಪ್ರಶ್ನೆಯ ಕಥೆ ಮುಂಬಯಿಯ ನ್ಯಾಯಾಲಯದವರೆಗೂ ಬಂತು.

ಹಡಗಿನ ನಿಜವಾದ ಹೆಸರು ‘ಅಲೋಂಡ್ರಾ ರೇನ್‌ಬೋ’. ಒಡೆತನ ಜಪಾನಿನದು, ಧ್ವಜ ಪನಾಮಾದ್ದು. 1999ರ ಅಕ್ಟೋಬರ್ 22ರಂದು ಅದು ಇಂಡೋನೇಷ್ಯಾದ ಕುಆಲಾ ತಂಜುಂಗ್ ಬಂದರಿನಿಂದ ಸುಮಾರು 7,000 ಟನ್ ಅಲ್ಯುಮಿನಿಯಂ ಗಟ್ಟಿಗಳನ್ನು ಹೊತ್ತು ಜಪಾನಿಗೆ ಹೊರಟಿತು. ಹಡಗಿನಲ್ಲಿದ್ದವರು 17 ಮಂದಿ: ಜಪಾನಿನ ಕಪ್ತಾನ ಮತ್ತು ಮುಖ್ಯ ಎಂಜಿನಿಯರ್, ಉಳಿದವರು ಫಿಲಿಪೀನ್ಸ್‌ನವರು. ಬಂದರು ಬಿಟ್ಟ ಕೆಲವೇ ಗಂಟೆಗಳಲ್ಲಿ ಆಯುಧ ಹಿಡಿದ ಕಡಲ್ಗಳ್ಳರು ಹಡಗನ್ನು ವಶಪಡಿಸಿಕೊಂಡರು. ಒಂದು ವಾರ ಸೆರೆಯಲ್ಲಿಟ್ಟು, ನಂತರ ಆ 17 ಮಂದಿಯನ್ನೂ ಒಂದು ರಬ್ಬರ್ ತೆಪ್ಪದಲ್ಲಿ ಕೂರಿಸಿ ನಡುಗಡಲಿನಲ್ಲಿ ಬಿಟ್ಟುಬಿಟ್ಟರು. ಹತ್ತು ದಿನ ಅಲೆಗಳ ಮೇಲೆ ತೇಲಿದ ಅವರು ಕೊನೆಗೆ ಥಾಯ್ಲೆಂಡಿನ ಮೀನುಗಾರರ ಕಣ್ಣಿಗೆ ಬಿದ್ದರು. ಎಲ್ಲರೂ ಬದುಕಿ ಉಳಿದರು. ಹಡಗು ಮಾತ್ರ ಮಾಯವಾಗಿತ್ತು.

ಕಡಲ್ಗಳ್ಳತನ ನಮ್ಮ ಭಾಗಕ್ಕೆ ಹೊಸದೇನಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ, ಭಾರತದ ಪಶ್ಚಿಮ ತೀರದ ‘ನಿಟ್ರಿಯಾಸ್’ ಎಂಬಲ್ಲಿ ಕಡಲ್ಗಳ್ಳರ ಕಾಟವಿದೆ ಎಂದು ಬರೆದಿದ್ದಾನೆ. ಹಲವು ವಿದ್ವಾಂಸರು ಇದನ್ನು ನೇತ್ರಾವತಿ ನದಿಯ ಮುಖಜ ಪ್ರದೇಶ, ಅಂದರೆ ಇಂದಿನ ಮಂಗಳೂರಿನ ಆಸುಪಾಸು ಎಂದು ಗುರುತಿಸುತ್ತಾರೆ. ಈ ಕಡೆಗೆ ಬರುವ ವ್ಯಾಪಾರಿ ಹಡಗುಗಳು ಬಿಲ್ಲುಗಾರರನ್ನು ಜೊತೆಗೆ ಕರೆತರುತ್ತಿದ್ದವೆಂದೂ ಅವನು ಹೇಳುತ್ತಾನೆ. ತನ್ನ ಹಡಗನ್ನು ತಾನೇ ಕಾಯ್ದುಕೊಳ್ಳಬೇಕು ಎಂಬುದು ಅಂದಿನ ನಿಯಮ. ಇಪ್ಪತ್ತನೆಯ ಶತಮಾನದ ಕೊನೆಗೂ ಪರಿಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ. ಪ್ರತಿ ದೇಶವೂ ತನ್ನ ತೀರವನ್ನು ಮಾತ್ರ ನೋಡಿಕೊಳ್ಳುತ್ತಿತ್ತು.

ಕಳ್ಳರಿಗೆ ಅನುಕೂಲವಾದದ್ದು ಇದೇ. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಒಂದು ದೇಶದ ಅಧಿಕಾರ ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರಿನ ಮೇಲೆ ಪೂರ್ಣವಾಗಿರುತ್ತದೆ. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ನೌಕೆ, ಅವರು ಪಕ್ಕದ ದೇಶದ ಗಡಿಯೊಳಗೆ ನುಗ್ಗಿದ ಕೂಡಲೇ ನಿಲ್ಲಬೇಕು. ಮಲಾಕ್ಕಾ ಜಲಸಂಧಿಯಂಥ ಇಕ್ಕಟ್ಟಾದ ದಾರಿಯಲ್ಲಿ, ಸಿಂಗಾಪುರದ ಬಳಿ ಹಡಗಿನ ದಾರಿಯ ಅಗಲ ಮೂರು ಕಿಲೋಮೀಟರಿಗೂ ಕಡಿಮೆ ಇರುವಲ್ಲಿ, ಗಡಿ ದಾಟಿ ತಪ್ಪಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ.

ಅಲೋಂಡ್ರಾ ರೇನ್‌ಬೋ ಸಿಕ್ಕಿದ್ದು ಬಂದೂಕಿನ ಬಲಕ್ಕಿಂತ ಮೊದಲು ಸುದ್ದಿಯ ಬಲದಿಂದ. ಕುಆಲಾಲಂಪುರದಲ್ಲಿ 1992ರಿಂದ ಕಡಲ್ಗಳ್ಳತನದ ದೂರು ಸ್ವೀಕರಿಸುವ ಒಂದು ಕೇಂದ್ರ ಕೆಲಸ ಮಾಡುತ್ತಿದೆ. ಆ ಕೇಂದ್ರ ಹಡಗಿನ ಚಹರೆಯನ್ನು ಸಮುದ್ರದಲ್ಲಿದ್ದ ಎಲ್ಲ ಹಡಗುಗಳಿಗೂ ತಿಳಿಸಿತು. ಕುವೈತಿನ ಒಂದು ಟ್ಯಾಂಕರಿನ ಕಪ್ತಾನ, ಅದೇ ಚಹರೆಯ ಹಡಗೊಂದು ಭಾರತದ ಪಶ್ಚಿಮ ತೀರದಾಚೆ ಹೋಗುತ್ತಿದೆ ಎಂದು ಸುದ್ದಿ ಕೊಟ್ಟ. ಅದರ ಮೇಲೆ ‘ಮೆಗಾ ರಾಮಾ’ ಎಂದು ಬರೆದಿತ್ತು. ಧ್ವಜ ಬೆಲೀಜ್ ದೇಶದ್ದು. ವಿಚಾರಿಸಿದಾಗ, ಆ ಹೆಸರಿನ ಹಡಗೇ ತಮ್ಮಲ್ಲಿ ನೋಂದಣಿಯಾಗಿಲ್ಲ ಎಂದು ಬೆಲೀಜ್‌ನಿಂದ ಉತ್ತರ ಬಂತು.

ನಮ್ಮ ಕೋಸ್ಟ್ ಗಾರ್ಡ್‌ನ ‘ತಾರಾಬಾಯಿ’ ನೌಕೆ ಅದನ್ನು ತಡೆಯಲು ಹೋಯಿತು. ಎಚ್ಚರಿಕೆಯ ಗುಂಡು ಹಾರಿಸಿದರೂ ಹಡಗು ನಿಲ್ಲಲಿಲ್ಲ. ನೌಕಾಪಡೆಯ ‘ಐಎನ್‌ಎಸ್ ಪ್ರಹಾರ್’ ಬಂದು ಸೇರಿಕೊಂಡಿತು. ನವೆಂಬರ್ 16ರಂದು ಗುಂಡಿನ ದಾಳಿಯ ನಂತರ ಹಡಗು ನಿಂತಿತು. ಸಾಕ್ಷ್ಯ ಉಳಿಯಬಾರದೆಂದು ಒಳಗಿದ್ದವರು ಬೆಂಕಿ ಹಚ್ಚಿ, ನೀರು ಬಿಟ್ಟು ಮುಳುಗಿಸಲು ನೋಡಿದರು. ನಮ್ಮ ನಾವಿಕರು ಹತ್ತಿ, ಹಡಗನ್ನು ಉಳಿಸಿ ಮುಂಬಯಿಗೆ ತಂದರು. 15 ಮಂದಿ ಇಂಡೋನೇಷ್ಯಾದವರು ಸೆರೆ ಸಿಕ್ಕರು. ಸರಕಿನಲ್ಲಿ ಒಂದು ಪಾಲು ಅಷ್ಟರಲ್ಲಾಗಲೇ ಮಾರಾಟವಾಗಿ ಹೋಗಿತ್ತು.

ಇಲ್ಲಿಯವರೆಗೆ ಇದು ಗೆಲುವಿನ ಕಥೆ. ಮುಂದಿನದು ಹಾಗಲ್ಲ. ಜಪಾನಿನ ಹಡಗು, ಪನಾಮಾದ ಧ್ವಜ, ಫಿಲಿಪೀನ್ಸಿನ ನಾವಿಕರು, ಇಂಡೋನೇಷ್ಯಾದ ಆರೋಪಿಗಳು, ದೂರದಲ್ಲೆಲ್ಲೋ ನಡೆದ ಅಪರಾಧ, ವಿಚಾರಣೆ ಮುಂಬಯಿಯಲ್ಲಿ! ಮುಕ್ತ ಸಮುದ್ರದಲ್ಲಿ ಕಡಲ್ಗಳ್ಳರನ್ನು ಯಾವ ದೇಶವಾದರೂ ಹಿಡಿಯಬಹುದು, ತನ್ನ ನ್ಯಾಯಾಲಯದಲ್ಲಿ ವಿಚಾರಿಸಬಹುದು ಎಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಭಾರತ ಅದಕ್ಕೆ 1995ರಲ್ಲಿ ಅಂಗೀಕಾರ ನೀಡಿತ್ತು. ಆದರೆ ಅದನ್ನು ಜಾರಿಗೆ ತರುವ ಪ್ರತ್ಯೇಕ ಕಾನೂನನ್ನು ನಾವು ಮಾಡಿರಲಿಲ್ಲ. ಭಾರತೀಯ ದಂಡ ಸಂಹಿತೆಯಲ್ಲಿ ಕಡಲ್ಗಳ್ಳತನ ಎಂಬ ಅಪರಾಧವೇ ಇರಲಿಲ್ಲ. ಡಕಾಯಿತಿ, ಕೊಲೆಯತ್ನದಂಥ ಕಲಮುಗಳನ್ನು ಜೋಡಿಸಿ ಮೊಕದ್ದಮೆ ಹೂಡಬೇಕಾಯಿತು. 2003ರಲ್ಲಿ ಸೆಷನ್ಸ್ ನ್ಯಾಯಾಲಯ ಏಳು ವರ್ಷಗಳ ಸಜೆ ವಿಧಿಸಿತು. 2005ರಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು. ಕಡಲಿನಲ್ಲಿ ಹಿಡಿದದ್ದು ದಡದಲ್ಲಿ ಜಾರಿಹೋಯಿತು.

ಆದರೂ ಈ ಪ್ರಕರಣ ವ್ಯರ್ಥವಾಗಲಿಲ್ಲ. 2000ದ ನವೆಂಬರಿನಲ್ಲಿ ಭಾರತ ಮತ್ತು ಜಪಾನಿನ ಕೋಸ್ಟ್ ಗಾರ್ಡ್‌ಗಳು ಚೆನ್ನೈ ತೀರದಾಚೆ ಮೊದಲ ಜಂಟಿ ತಾಲೀಮು ನಡೆಸಿದವು. ಅಪಹೃತ ಹಡಗನ್ನು ಬಿಡಿಸುವುದೇ ಅಲ್ಲಿನ ಅಭ್ಯಾಸ. ಜಪಾನಿನ ಮುತುವರ್ಜಿಯಿಂದ ಏಷ್ಯಾದ 16 ದೇಶಗಳು ಮಾತುಕತೆ ನಡೆಸಿ 2004ರಲ್ಲಿ ‘ರೀಕ್ಯಾಪ್’ ಒಪ್ಪಂದವನ್ನು ರೂಪಿಸಿದವು. ಅದು 2006ರಲ್ಲಿ ಜಾರಿಗೆ ಬಂತು. ಸಿಂಗಾಪುರದಲ್ಲಿ ಅದರ ಮಾಹಿತಿ ವಿನಿಮಯ ಕೇಂದ್ರ ತೆರೆಯಿತು. ಇಂಡೋನೇಷ್ಯಾ ಮತ್ತು ಮಲೇಷ್ಯಾ ಮಾತುಕತೆಯಲ್ಲಿದ್ದರೂ ಒಪ್ಪಂದಕ್ಕೆ ಸೇರಲಿಲ್ಲ. ಹೊರಗಿನವರು ತಮ್ಮ ನೀರಿನಲ್ಲಿ ಕೈಯಾಡಿಸಬಾರದೆಂಬ ಎಚ್ಚರ ಅವರದು.

ಆ ಎಚ್ಚರವನ್ನು ಬಿಟ್ಟುಕೊಡದೆಯೇ ಅವರು ಬೇರೊಂದು ದಾರಿ ಹುಡುಕಿದರು. 2004ರ ಜುಲೈನಿಂದ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರ ಮೂರೂ ಮಲಾಕ್ಕಾದಲ್ಲಿ ಹೊಂದಾಣಿಕೆಯ ಗಸ್ತು ಆರಂಭಿಸಿದವು. ಪ್ರತಿಯೊಬ್ಬರೂ ತಮ್ಮ ನೀರಿನಲ್ಲೇ ಸುತ್ತುತ್ತಾರೆ. ಗಡಿಯ ಹತ್ತಿರ ಕಳ್ಳ ಕಂಡರೆ ಆಚೆಯವರಿಗೆ ತಕ್ಷಣ ತಿಳಿಸುತ್ತಾರೆ. 2005ರಲ್ಲಿ ವಿಮಾನ ಗಸ್ತು ಸೇರಿತು, 2008ರಲ್ಲಿ ಥಾಯ್ಲೆಂಡ್ ಬಂದು ಸೇರಿತು. ಲಂಡನ್ನಿನ ವಿಮಾ ಸಮಿತಿಯು 2005ರಲ್ಲಿ ಮಲಾಕ್ಕಾವನ್ನು ಯುದ್ಧಭಯದ ಪ್ರದೇಶಗಳ ಪಟ್ಟಿಗೆ ಸೇರಿಸಿತ್ತು. ಮರುವರ್ಷವೇ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಇಬ್ಬರು ನೆರೆಯವರು ಒಂದೇ ಅಂಗಳ ಹಂಚಿಕೊಳ್ಳಬೇಕಿಲ್ಲ, ಬೇಲಿಯಾಚೆ ಕೂಗಿ ಹೇಳಿದರೂ ಸಾಕು ಎಂಬುದಕ್ಕೆ ಇದು ಸಾಕ್ಷಿ.

2008ರ ಫೆಬ್ರವರಿಯಲ್ಲಿ ಹಿಂದೂ ಮಹಾಸಾಗರದ ದೇಶಗಳ ನೌಕಾಪಡೆಗಳ ಮುಖ್ಯಸ್ಥರು ದೆಹಲಿಯಲ್ಲಿ ಮೊದಲ ಸಲ ಒಂದು ವೇದಿಕೆಯಲ್ಲಿ ಸೇರಿದರು. ಅದೇ ವರ್ಷ ನವೆಂಬರ್ 26ರಂದು, ಅಪಹರಿಸಿದ ಮೀನುಗಾರಿಕಾ ದೋಣಿಯೊಂದನ್ನು ಬಳಸಿ ಸಮುದ್ರಮಾರ್ಗವಾಗಿಯೇ ಭಯೋತ್ಪಾದಕರು ಮುಂಬಯಿಗೆ ಬಂದರು. ಸುದ್ದಿ ಸಕಾಲಕ್ಕೆ ಸರಿಯಾದ ಕೈ ಸೇರದಿದ್ದರೆ ಏನಾಗುತ್ತದೆ ಎಂಬುದನ್ನು ಮುಂಬಯಿಯ ಶ್ರೋತೃಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಹಿಂದೂ ಮಹಾಸಾಗರಕ್ಕಾಗಿಯೇ ಗುರುಗ್ರಾಮದಲ್ಲಿ ಒಂದು ಮಾಹಿತಿ ಕೇಂದ್ರ ಆರಂಭವಾಯಿತು.

ಇನ್ನು ಕಾನೂನಿನ ಮಾತು. 2011ರಲ್ಲಿ ನಮ್ಮ ನೌಕಾಪಡೆ ನೂರಕ್ಕೂ ಹೆಚ್ಚು ಸೊಮಾಲಿ ಕಡಲ್ಗಳ್ಳರನ್ನು ಹಿಡಿದು ಮುಂಬಯಿಗೆ ತಂದಾಗಲೂ ಪ್ರತ್ಯೇಕ ಕಾನೂನು ಇರಲಿಲ್ಲ. 2012ರಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಕೊನೆಗೆ 2022ರ ಡಿಸೆಂಬರಿನಲ್ಲಿ ಸಂಸತ್ತು ಕಡಲ್ಗಳ್ಳತನ ವಿರೋಧಿ ಕಾಯಿದೆಯನ್ನು ಅಂಗೀಕರಿಸಿತು. ಅಲೋಂಡ್ರಾ ರೇನ್‌ಬೋ ಮುಂಬಯಿಗೆ ಬಂದು ಆಗ 23 ವರ್ಷ ಕಳೆದಿತ್ತು.

2024ರ ಮಾರ್ಚಿನಲ್ಲಿ ‘ಐಎನ್‌ಎಸ್ ಕೋಲ್ಕತಾ’, ಅಪಹರಣವಾಗಿದ್ದ ‘ರುಯೆನ್’ ಹಡಗನ್ನು ಅರಬ್ಬೀ ಸಮುದ್ರದಲ್ಲಿ ಅಡ್ಡಗಟ್ಟಿತು. 35 ಮಂದಿ ಸೊಮಾಲಿ ಕಡಲ್ಗಳ್ಳರು ಶರಣಾದರು. ಮಾರ್ಚ್ 23ರಂದು ಅವರನ್ನು ಮುಂಬಯಿ ಪೊಲೀಸರಿಗೆ ಒಪ್ಪಿಸಿದಾಗ, ಪೊಲೀಸರ ಕೈಯಲ್ಲಿ ಈ ಸಲ ಹೊಸ ಕಾಯಿದೆ ಇತ್ತು. ರುಯೆನ್‌ನಿಂದ ಅಂದು ಬಿಡಿಸಿದ ನಾವಿಕರೂ 17 ಮಂದಿ, ಆ ರಬ್ಬರ್ ತೆಪ್ಪದಲ್ಲಿ ತೇಲುತ್ತಿದ್ದಷ್ಟೇ ಜನ. ಅವರನ್ನು ಮೇಲೆತ್ತಿದ ಥಾಯ್ ಮೀನುಗಾರರಿಗೆ ಯಾವ ಒಪ್ಪಂದದ ಹೆಸರೂ ಗೊತ್ತಿದ್ದಿರಲಾರದು. ನೀರಿನಲ್ಲಿ ಮನುಷ್ಯರು ಕಂಡರು, ಎತ್ತಿಕೊಂಡರು. ದೇಶ ದೇಶಗಳು ಸೇರಿ ಬರೆದ ಕಡಲಿನ ಕಾನೂನುಗಳೆಲ್ಲ ಕೊನೆಗೆ ಆ ಕೆಲಸವನ್ನೇ ಸುಲಭ ಮಾಡಬೇಕಲ್ಲವೇ?